ತಂತ್ರಾಂಶ ಹೊಸದಾಗಲಿ, ಹಳೆಯ ಪತ್ರಗಳು ಉಳಿಯಲಿ

19ನೆಯ ಶತಮಾನದಲ್ಲಿ ಕುಮಟಾ ಬಂದರಿನಿಂದ ಹತ್ತಿ ಹಡಗೇರುತ್ತಿದ್ದಾಗ ವ್ಯಾಪಾರದ ಒಪ್ಪಿಗೆಗಳು ಕಾಗದದಲ್ಲಿದ್ದವು. ಇಂದು ಕುಮಟಾದ ಅಡಿಕೆ, ಹೊನ್ನಾವರದ ಮೀನು, ಭಟ್ಕಳದ ಜವಳಿ ವಹಿವಾಟಿನ ಎಷ್ಟೋ ಒಪ್ಪಿಗೆಗಳು ಇ-ಮೇಲ್‌ನಲ್ಲಿವೆ.

ಸರ್ವರ್ ತಂತ್ರಾಂಶವನ್ನು ಮೇಲ್ದರ್ಜೆಗೇರಿಸಿದ ಮರುದಿನ ಹೊಸ ಪತ್ರಗಳು ಬರುತ್ತವೆ, ಹಳೆಯವು ಕಾಣುವುದಿಲ್ಲ. ಆಗ ಗಾಬರಿಯಿಂದ ಎಲ್ಲವನ್ನೂ ಅಳಿಸಿ ಮತ್ತೆ ಅಳವಡಿಸುವುದು ಅವಿವೇಕ. ಅನೇಕ ವೇಳೆ ಪತ್ರಗಳು ನಾಶವಾಗಿರುವುದಿಲ್ಲ. ಅವುಗಳ ಸೂಚಿಯನ್ನು ಹೊಸದಾಗಿ ರಚಿಸಬೇಕಿರುತ್ತದೆ, ಇಲ್ಲವೇ ಕಡತ ತೆರೆಯುವ ಅನುಮತಿ ತಪ್ಪಿರುತ್ತದೆ. ಕನ್ನಡದ ಹಳೆಯ ಲಗತ್ತುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ, ಯೂನಿಕೋಡ್‌ಪೂರ್ವದ ನುಡಿ ಅಥವಾ ಬರಹ ಅಕ್ಷರಶೈಲಿ ಆ ಯಂತ್ರದಲ್ಲಿ ಇಲ್ಲದಿರುವುದೇ ಕಾರಣವಾಗಿರಬಹುದು.

ಇದು ಕೇವಲ ತಂತ್ರಜ್ಞರ ಚಿಂತೆಯಲ್ಲ. 2017ರ ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿರಿಸಬೇಕು. ಬಾಕಿಯ ತಕರಾರು ಎದ್ದಾಗಲೂ ಹಳೆಯ ಪತ್ರವೇ ಆಧಾರ.

ಆದುದರಿಂದ ಮೇಲ್ದರ್ಜೆಗೆ ಮುನ್ನ ಪೂರ್ಣ ಪ್ರತಿ ತೆಗೆದಿರಿಸಿದರೆ ಸಾಲದು. ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಕೆಲಸ ಮುಗಿದ ಮೇಲೆ ಪ್ರತಿ ವರ್ಷದ ಒಂದೊಂದು ಪತ್ರವನ್ನಾದರೂ ಹುಡುಕಿ, ಸಿಕ್ಕ ಬಳಿಕವೇ ತಂತ್ರಜ್ಞರ ಬಿಲ್ಲು ಪಾವತಿಸುವುದು ಲೇಸು.