ಹೆಗಲಿಗೆ ತಕ್ಕ ಕೋವಿ

ನವೆಂಬರ್ ತಿಂಗಳ ಮೊದಲ ಶನಿವಾರ ಟೆಕ್ಸಾಸ್‌ನಲ್ಲಿ ಜಿಂಕೆ ಬೇಟೆಯ ಸೀಸನ್ ಶುರುವಾಗುತ್ತೆ. ಲ್ಯಾಬಿನಲ್ಲಿ ಪಕ್ಕದ ಮೇಜಿನವರು ಎರಡು ದಿನ ನಾಪತ್ತೆ. ಸೋಮವಾರ ಬಂದು ಫೋನಿನಲ್ಲಿ ಫೋಟೊ ತೋರಿಸಿ, "ಮುಂದಿನ ಸಲ ನೀವೂ ಬನ್ನಿ" ಅಂತ ಕರೀತಾರೆ. ಹಾಗೆ ಕರೆಸಿಕೊಂಡು ಹೋದವರು ನಮ್ಮ ಸಂಘದಲ್ಲೂ ಕೆಲವರಿದ್ದಾರೆ. ಹೋಗಬೇಕು ಅಂತ ಯೋಚಿಸುತ್ತಿರುವವರು ಇನ್ನೂ ಕೆಲವರು. ಹೋಗಬೇಕೋ ಬೇಡವೋ ಎಂಬುದು ಅವರವರ ಮನಸ್ಸಿಗೆ, ಅವರವರ ಊಟದ ತಟ್ಟೆಗೆ ಬಿಟ್ಟದ್ದು. ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೊಟ್ಟೆಯನ್ನೂ ಮುಟ್ಟದವರು ಮತ್ತು ಹಂದಿ ಸಾರಿಲ್ಲದೆ ಹಬ್ಬವೇ ಇಲ್ಲ ಅನ್ನುವವರು ಜೊತೆಗೆ ಬಾಳುತ್ತಿದ್ದೇವೆ. ಆ ಜಗಳವನ್ನು ಇಲ್ಲಿ ಎತ್ತುವುದಿಲ್ಲ.

ನಮ್ಮ ತಕರಾರು ಇರೋದು, ಹೋಗುತ್ತೇವೆ ಅಂತ ತೀರ್ಮಾನಿಸಿದ ಮೇಲೆ ನಮ್ಮವರ ಬಾಯಲ್ಲಿ ಬರುವ ಮೊದಲ ಪ್ರಶ್ನೆಯ ಬಗ್ಗೆ: "ಎಲ್ಲಕ್ಕಿಂತ ಪವರ್‌ಫುಲ್ ಕ್ಯಾಲಿಬರ್ ಯಾವುದು?" ಲ್ಯಾಪ್‌ಟಾಪ್ ಕೊಳ್ಳುವಾಗ ಜಾಸ್ತಿ ರ‍್ಯಾಮ್ ಇರಲಿ ಅಂತ ಕೇಳುವ ಹಾಗೆ. ಈ ಪ್ರಶ್ನೆಯೇ ತಪ್ಪು ಅಂತ ನಮ್ಮ ಅಭಿಪ್ರಾಯ. ಮೊದಲು ಕೇಳಬೇಕಾದ್ದು "ಯಾವ ಪ್ರಾಣಿ?" ಅಂತ. ಎರಡನೆಯದು "ನನ್ನ ಹೆಗಲು ಎಷ್ಟು ತಡೆಯುತ್ತೆ?" ಅಂತ. ಇವೆರಡಕ್ಕೂ ಹೊಂದಾಣಿಕೆ ಆಗದಿದ್ದರೆ ಆ ಬೇಟೆಯನ್ನೇ ಕೈಬಿಡಬೇಕು. ದೊಡ್ಡ ಕೋವಿ ತಂದು ಆ ಕೊರತೆ ತುಂಬಿಸಲು ಹೋಗಬಾರದು.

ದೊಡ್ಡ ಕೋವಿಯ ವ್ಯಾಮೋಹ ನಮಗೆ ಅಮೆರಿಕಕ್ಕೆ ಬಂದ ಮೇಲೆ ಹತ್ತಿದ್ದಲ್ಲ. ನಮ್ಮಲ್ಲಿ ಎಷ್ಟೋ ಜನ ಶಿಕಾರಿಯನ್ನು ಕಂಡದ್ದು ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ 'ಕಾಡಿನ ಕಥೆಗಳು' ಓದಿಯೇ. ಬೆಂಗಳೂರಿನ ಆಂಡರ್ಸನ್ ಕೈಯಲ್ಲಿ ಇರುತ್ತಿದ್ದದ್ದು .405 ವಿಂಚೆಸ್ಟರ್, ಆ ಕಾಲಕ್ಕೆ ಭಾರೀ ರೈಫಲ್ಲೇ. ಆದರೆ ಆತ ಎದುರಿಸುತ್ತಿದ್ದದ್ದು ನರಭಕ್ಷಕ ಹುಲಿ, ಚಿರತೆಗಳನ್ನು. ಕತ್ತಲಲ್ಲಿ, ಕೆಲವೇ ಗಜಗಳ ದೂರದಲ್ಲಿ. ಮೇಲೆ ಎರಗುವ ಪ್ರಾಣಿಯನ್ನು ಅಲ್ಲೇ ನಿಲ್ಲಿಸಬೇಕಾದವನ ಲೆಕ್ಕ ಬೇರೆ. ನೂರು ಗಜ ದೂರದಲ್ಲಿ ಮೇಯುತ್ತ ನಿಂತ ಜಿಂಕೆ ನಮ್ಮ ಮೇಲೆ ಎರಗುವುದಿಲ್ಲ. ಇನ್ನೊಂದು ಮಾತು: 1907ರಲ್ಲಿ ಚಂಪಾವತದ ನರಭಕ್ಷಕಿಯನ್ನು ಕೊಂದದ್ದಕ್ಕೆ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ ರೈಫಲ್ .275 ರಿಗ್ಬಿ. ಇಂದಿನ ಮ್ಯಾಗ್ನಮ್‌ಗಳ ಪಕ್ಕದಲ್ಲಿ ಇಟ್ಟರೆ ಅದು ಸಾಧು ಪ್ರಾಣಿ. ಕಾರ್ಬೆಟ್ ಅದನ್ನು ಹಿಡಿದೇ ವರ್ಷಗಟ್ಟಲೆ ಕಾಡು ಸುತ್ತಿದರು.

ಈಗ ಅಂಗಡಿಯ ಕಪಾಟಿನಲ್ಲಿ ಕಾಣುವ ಸಂಖ್ಯೆಗಳ ಗುಟ್ಟು ನೋಡೋಣ. ಕ್ಯಾಲಿಬರ್ ಅಂದರೆ ಸರಿಸುಮಾರು ಗುಂಡಿನ ದಪ್ಪ, ಇಂಚಿನಲ್ಲಿ. .30-30, .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್, .300 ವಿಂಚೆಸ್ಟರ್ ಮ್ಯಾಗ್ನಮ್ — ಹೆಸರು ಕೇಳಿದರೆ ನಾಲ್ಕೂ ಬೇರೆ ಬೇರೆ ಅನ್ನಿಸುತ್ತೆ. ನಾಲ್ಕೂ ಹಾರಿಸುವ ಗುಂಡಿನ ದಪ್ಪ ಒಂದೇ: .308 ಇಂಚು, ಅಂದರೆ 7.8 ಮಿಲಿಮೀಟರ್. ವ್ಯತ್ಯಾಸ ಇರೋದು ಹಿಂದಿನ ತೋಟೆಯಲ್ಲಿ, ಅದರೊಳಗೆ ಹಿಡಿಸುವ ಮದ್ದಿನಲ್ಲಿ. .30-30 ಬಂದದ್ದು 1895ರಲ್ಲಿ. .30-06ರ '06' ಅನ್ನೋದು ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷ, 1906. .308 ಬಂದದ್ದು 1952ರಲ್ಲಿ. ಅದರ ಕತ್ತನ್ನು ಕಿರಿದು ಮಾಡಿ 1955ರಲ್ಲಿ .243 ವಿಂಚೆಸ್ಟರ್ ಮಾಡಿದರು. .300 ಮ್ಯಾಗ್ನಮ್ 1963ರದ್ದು.

ನಾವು ಬಹುಪಾಲು ಎಂಜಿನಿಯರಿಂಗ್ ಮಂದಿ, ಆದ್ದರಿಂದ ಜೂಲ್ ಲೆಕ್ಕದಲ್ಲೇ ಹೇಳೋಣ. ನಳಿಕೆಯಿಂದ ಹೊರಬೀಳುವಾಗ .243ರ ನೂರು ಗ್ರೇನ್ ಗುಂಡಿನ ಶಕ್ತಿ ಸುಮಾರು 2600 ಜೂಲ್. .308ರ ನೂರೈವತ್ತು ಗ್ರೇನ್ ಗುಂಡಿಗೆ ಸುಮಾರು 3600. .300 ಮ್ಯಾಗ್ನಮ್‌ನ ನೂರೆಂಬತ್ತು ಗ್ರೇನ್ ಗುಂಡಿಗೆ ಸುಮಾರು 4700. ಇಷ್ಟನ್ನು ನೋಡಿ ಮೂರನೆಯದೇ ಇರಲಿ ಅನ್ನುವವರು ಕೊಲೊರಾಡೊ ರಾಜ್ಯದ ನಿಯಮವನ್ನೂ ನೋಡಬೇಕು. ಅಲ್ಲಿ ಮುನ್ನೂರು ಕಿಲೋ ತೂಗುವ ಎಲ್ಕ್‌ಗೂ ಕಾನೂನು ಕೇಳುವ ಕನಿಷ್ಠ ಶಕ್ತಿ ನೂರು ಗಜದಲ್ಲಿ 1000 ಅಡಿ-ಪೌಂಡ್, ಅಂದರೆ ಸುಮಾರು 1350 ಜೂಲ್, ಕನಿಷ್ಠ ದಪ್ಪ.24 ಇಂಚು. ಕನಿಷ್ಠ ಇದ್ದರೆ ಸಾಕು ಅಂತ ನಾವು ಹೇಳುತ್ತಿಲ್ಲ. ಎಲ್ಕ್‌ಗೆ ಅದಕ್ಕಿಂತ ಮೇಲಿನದೇ ಮೇಲು. ಆದರೆ ಟೆಕ್ಸಾಸ್‌ನ ಹಿಲ್ ಕಂಟ್ರಿಯಲ್ಲಿ ಐವತ್ತು ಅರವತ್ತು ಕಿಲೋ ತೂಗುವ ಬಿಳಿಬಾಲದ ಜಿಂಕೆಗೆ ಮ್ಯಾಗ್ನಮ್ ಹಿಡಿದು ಹೋಗುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ. ಹತ್ತಿರದಿಂದ ಹೊಡೆದರೆ ಮುಂದೊಡೆಯ ಮಾಂಸ ರಕ್ತ ಹೆಪ್ಪುಗಟ್ಟಿ ತಿನ್ನಲು ಬಾರದ ಹಾಗಾಗುತ್ತೆ. ತಿನ್ನುವುದಕ್ಕೆ ಅಂತ ಹೊರಟವರಿಗೆ ಇದಕ್ಕಿಂತ ನಷ್ಟ ಬೇಕೇ?

ಅಸಲಿಗೆ ಪ್ರಾಣಿ ಸಾಯುವುದು ಜೂಲ್‌ನಿಂದಲ್ಲ. ಗುಂಡು ಮುಂಗಾಲಿನ ಹಿಂದೆ, ಎದೆಗೂಡಿನೊಳಗೆ, ಎರಡೂ ಶ್ವಾಸಕೋಶಗಳನ್ನು ತೂರಿ ಹೋದಾಗ ರಕ್ತದೊತ್ತಡ ಬಿದ್ದು, ಮಿದುಳಿಗೆ ಆಮ್ಲಜನಕ ನಿಂತು ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತೆ. ಜಿಂಕೆಯಲ್ಲಿ ಆ ಜಾಗ ಸುಮಾರು ಎಂಟು ಇಂಚು ಅಗಲ. ಅಲ್ಲಿಗೆ ತಲುಪಿದ .243 ಸಾಕು. ಅಲ್ಲಿಂದ ಒಂದು ಗೇಣು ಹಿಂದೆ ಹೋಗಿ ಹೊಟ್ಟೆಗೆ ಬಿದ್ದರೆ .300 ಮ್ಯಾಗ್ನಮ್ ಕೂಡ ಆ ಪ್ರಾಣಿಗೆ ಗಂಟೆಗಟ್ಟಲೆ ನರಳಾಟವನ್ನೇ ಕೊಡುತ್ತೆ. ಗಾಯಗೊಂಡ ಜಿಂಕೆ ಮುಳ್ಳುಪೊದೆಯೊಳಗೆ ನುಗ್ಗಿ ಎಲ್ಲೋ ಸಾಯುತ್ತೆ, ಯಾರಿಗೂ ಸಿಗುವುದಿಲ್ಲ. ಬೇಟೆಯಲ್ಲಿ ನಿಜವಾದ ಪಾಪ ಅಂತ ಒಂದಿದ್ದರೆ ಅದು ಇದೇ. ಬೇಟೆಯನ್ನು ಒಪ್ಪುವವರೂ ಒಪ್ಪದವರೂ ಜಗಳವಿಲ್ಲದೆ ಕೂಡಬಹುದಾದ ಜಾಗವೂ ಇದೇ.

ಇಲ್ಲಿ ಹೆಗಲಿನ ಮಾತು ಬರುತ್ತೆ. ಅದೇ ತೂಕದ ರೈಫಲ್ಲಿನಲ್ಲಿ .300 ಮ್ಯಾಗ್ನಮ್‌ನ ಒದೆತ .243ಕ್ಕೆ ಹೋಲಿಸಿದರೆ ಎರಡು ಪಟ್ಟಿಗಿಂತ ಹೆಚ್ಚು. ನಾಲ್ಕು ಈಡು ಹೊಡೆಯುವಷ್ಟರಲ್ಲಿ ದೇಹ ಪಾಠ ಕಲಿತುಬಿಡುತ್ತೆ: ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತೆ, ಹೆಗಲು ಮುಂದಕ್ಕೆ ತಳ್ಳುತ್ತೆ, ನಳಿಕೆ ಕೆಳಕ್ಕೆ ಜಗ್ಗುತ್ತೆ. ನಮಗೆ ಅದು ಗೊತ್ತೇ ಆಗುವುದಿಲ್ಲ, ಏಕೆಂದರೆ ಸದ್ದಿನಲ್ಲಿ, ಒದೆತದಲ್ಲಿ ಎಲ್ಲ ಮುಚ್ಚಿಹೋಗುತ್ತೆ. ಪತ್ತೆ ಹಚ್ಚಲು ಹಳೆಯ ಉಪಾಯ ಒಂದಿದೆ. ರೇಂಜಿನಲ್ಲಿ ನಮ್ಮ ರೈಫಲ್ಲಿಗೆ ಬೇರೆಯವರು ತೋಟೆ ತುಂಬಲಿ, ನಡುವೆ ನಮಗೆ ಹೇಳದೆ ಒಂದು ಖಾಲಿ ಡಮ್ಮಿ ತೋಟೆ ಹಾಕಲಿ. ಡಮ್ಮಿಯ ಸರದಿ ಬಂದಾಗ ಸದ್ದಿಲ್ಲದೆ 'ಟಿಕ್' ಅನ್ನುತ್ತೆ, ನಳಿಕೆ ಮಾತ್ರ ಕೆಳಕ್ಕೆ ಕುಸಿಯುತ್ತೆ. ಹಾಗಾದರೆ ಆ ಕೋವಿ ನಮ್ಮ ಹೆಗಲಿಗೆ ಹೆಚ್ಚಾಯಿತು ಅಂತ ಅರ್ಥ. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಆಮೇಲೆ ಸ್ಕೋಪಿನ ಮೇಲೆ ದೂರು ಹಾಕಿ ಪ್ರಯೋಜನವಿಲ್ಲ.

ಇನ್ನೊಂದು ಪರೀಕ್ಷೆಗೆ ಯುಗಾದಿ ಊಟದಲ್ಲಿ ಮಿಕ್ಕ ಪೇಪರ್ ಪ್ಲೇಟ್ ಸಾಕು. ಎಂಟು ಇಂಚಿನ ಪ್ಲೇಟನ್ನು ಐವತ್ತು ಗಜಕ್ಕೆ ನಿಲ್ಲಿಸಿ, ಬೆಂಚಿನ ಆಸರೆ ಇಲ್ಲದೆ, ಕೂತೋ ಮಂಡಿಯೂರಿಯೋ ಐದು ಈಡು ಹೊಡೆಯಿರಿ. ಐದೂ ಪ್ಲೇಟಿನೊಳಗೆ ಬಿದ್ದರೆ ಇಪ್ಪತ್ತೈದು ಗಜ ಹಿಂದಕ್ಕೆ ಬನ್ನಿ. ಒಂದು ಹೊರಗೆ ಬಿದ್ದ ದೂರಕ್ಕಿಂತ ಹಿಂದಿನದು ನಿಮ್ಮ ದೂರ. ತೋಟೆಯ ಡಬ್ಬಿಯ ಮೇಲೆ ಐನೂರು ಗಜದ ಕೋಷ್ಟಕ ಅಚ್ಚಾಗಿದ್ದರೂ ನಿಮ್ಮ ದೂರ ಅದೇ. ಟೆಕ್ಸಾಸ್‌ನ ರ‍್ಯಾಂಚುಗಳಲ್ಲಿ ಅಟ್ಟಣೆಯಿಂದ ಫೀಡರ್‌ಗೆ ಸಾಮಾನ್ಯವಾಗಿ ನೂರು ಗಜದ ಆಸುಪಾಸು ಇರುತ್ತೆ. ಹೊಸಬರಿಗೆ ಅಷ್ಟು ಧಾರಾಳವಾಯಿತು.

ಟೆಕ್ಸಾಸ್‌ನಲ್ಲಿ ಓದುವ ಕನ್ನಡಿಗರಿಗೆ ಇನ್ನೊಂದು ವಿಚಿತ್ರ ಕಾದಿದೆ. ಬಂಡೀಪುರ, ನಾಗರಹೊಳೆಯ ರಸ್ತೆ ಬದಿಯಲ್ಲಿ ನಾವು ಕಂಡ ಅದೇ ಚುಕ್ಕೆ ಜಿಂಕೆ 1932ರಿಂದ ಇಲ್ಲಿದೆ. ಇಲ್ಲಿನವರ ಬಾಯಲ್ಲಿ ಅದು 'ಆಕ್ಸಿಸ್'. ಕೃಷ್ಣಮೃಗವೂ ಇದೆ. ದಕ್ಷಿಣದ ಕರಾವಳಿ ಬಯಲಿನಲ್ಲಿ ಉತ್ತರ ಭಾರತದ ನೀಲ್ಗಾಯ್ ಹಿಂಡು ಹಿಂಡಾಗಿ ಅಲೆಯುತ್ತೆ. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಚುಕ್ಕೆ ಜಿಂಕೆಗೆ ಗುಂಡು ಹೊಡೆದರೆ ಜೈಲು. ಇಲ್ಲಿ ಅದು ಹೊರಗಿನಿಂದ ಬಂದ ಪ್ರಾಣಿ, ಖಾಸಗಿ ಜಮೀನಿನಲ್ಲಿ ಸೀಸನ್ನಿನ ಕಟ್ಟುಪಾಡೂ ಇಲ್ಲ, ಲೈಸೆನ್ಸ್ ಮಾತ್ರ ಬೇಕು. ಮನಸ್ಸಿಗೆ ಇದು ಕಸಿವಿಸಿ ಅನ್ನಿಸಿದರೆ ತಪ್ಪಿಲ್ಲ. ಕ್ಯಾಲಿಬರ್ ಮಟ್ಟಿಗೆ ಮಾತ್ರ ಹೇಳುವುದಾದರೆ, ಬಿಳಿಬಾಲದ ಜಿಂಕೆಗೂ ಕೃಷ್ಣಮೃಗಕ್ಕೂ .243 ಅಥವಾ 6.5 ಕ್ರೀಡ್‌ಮೋರ್ ಸಾಕು. ಅದಕ್ಕಿಂತ ದಪ್ಪ ಮೈಯ ಚುಕ್ಕೆ ಗಂಡಿಗೆ 6.5 ಕ್ರೀಡ್‌ಮೋರ್ ಅಥವಾ .308 ಚೆನ್ನ. ಯಾವುದೇ ಆದರೂ ಬೇಟೆಗೆಂದೇ ಮಾಡಿದ, ಒಳಹೊಕ್ಕು ಅರಳುವ ಗುಂಡು ಇರಬೇಕು. ರೇಂಜಿನಲ್ಲಿ ಅಗ್ಗಕ್ಕೆ ಸಿಗುವ, ಪೂರ್ತಿ ಲೋಹದ ಕವಚದ ಗುಂಡು ಅರಳದೆ ಸೂಜಿಯಂತೆ ತೂರಿ ಹೋಗುತ್ತೆ. ಅದು ಬೇಟೆಗಲ್ಲ.

"ಹಾಗಾದರೆ ದೊಡ್ಡ ಕ್ಯಾಲಿಬರ್ ಇರೋದಾದರೂ ಯಾಕೆ?" ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರ ನೀಲ್ಗಾಯ್. ಗಂಡು ಇನ್ನೂರು ಕಿಲೋ ದಾಟುತ್ತೆ, ಹೆಗಲು ಕತ್ತಿನ ಚರ್ಮ ಬಲು ದಪ್ಪ, ಗಾಯವಾದರೂ ರಕ್ತದ ಜಾಡು ಕಮ್ಮಿ, ಬಯಲಿನಲ್ಲಿ ಈಡಿನ ದೂರವೂ ಹೆಚ್ಚು. ಅಲ್ಲಿನ ಗೈಡ್‌ಗಳು .300 ಮ್ಯಾಗ್ನಮ್ ತನ್ನಿ ಅನ್ನುವುದು ಜಂಬಕ್ಕಲ್ಲ. ಎಲ್ಕ್, ಮೂಸ್‌ಗಳ ವಿಷಯದಲ್ಲೂ .30-06 ಅಥವಾ ಅದರ ಮೇಲಿನದಕ್ಕೆ ಅರ್ಥವಿದೆ. ಎರಡನೇ ವಾದ: "ಗುರಿ ಸ್ವಲ್ಪ ತಪ್ಪಿದರೂ ದೊಡ್ಡ ಗುಂಡು ಕಾಪಾಡುತ್ತೆ." ಒಂದೆರಡು ಇಂಚಿನ ಮಟ್ಟಿಗೆ, ಮೂಳೆ ಅಡ್ಡ ಬಂದಾಗ, ನಿಜ ಇರಬಹುದು. ಆದರೆ ಒದೆತಕ್ಕೆ ಹೆದರಿದವನ ಗುಂಡು ತಪ್ಪುವುದು ಒಂದೆರಡು ಇಂಚಲ್ಲ. ಕಾಪಾಡಲಿ ಅಂತ ತಂದ ಶಕ್ತಿಯೇ ಗುರಿಯನ್ನು ಕೆಡಿಸಿತು ಅಂದರೆ ಅದನ್ನು ವಿಮೆ ಅನ್ನಲಾಗುವುದಿಲ್ಲ. ಆದ್ದರಿಂದ ನೀಲ್ಗಾಯ್ ಬೇಟೆ ಮೊದಲ ವರ್ಷದ ಬೇಟೆಯಲ್ಲ. .308ರಲ್ಲಿ ಕೈ ಪಳಗಲಿ, ನಾಲ್ಕು ಸೀಸನ್ ಕಳೆಯಲಿ, ಆಮೇಲೆ ನೋಡೋಣ.

ಕಾನೂನಿನ ಮಾತು ಕ್ಯಾಲಿಬರ್‌ಗಿಂತ ಮುಂಚಿನದು. ಎಫ್-1 ವೀಸಾದಲ್ಲಿರುವವರು ಫೆಡರಲ್ ಕಾನೂನಿನ ಪ್ರಕಾರ ನಾನ್-ಇಮಿಗ್ರಂಟ್. ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವುದು ನಮಗೆ ಅಪರಾಧ. ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಇಲ್ಲಿನ ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ರೈಫಲ್ ಗೆಳೆಯನದ್ದು, ಸುಮ್ಮನೆ ಕೈಗೆ ತಗೊಂಡೆ ಅನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಮೊದಲು ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ. 1971ರ ಸೆಪ್ಟೆಂಬರ್ 2 ಅಥವಾ ಅದರ ನಂತರ ಹುಟ್ಟಿದ ಎಲ್ಲರಿಗೂ ಟೆಕ್ಸಾಸ್ ಅದನ್ನು ಕೇಳುತ್ತೆ, ಅಂದರೆ ನಮ್ಮೆಲ್ಲರಿಗೂ. ನಂತರ ಲೈಸೆನ್ಸ್. ಅದು ಜೇಬಿಗೆ ಬಂದ ಮೇಲೆ ರೇಂಜು. ಸಂಶಯ ಇದ್ದರೆ ವಕೀಲರನ್ನು ಕೇಳಿ. ಐದು ವರ್ಷದ ಪಿಎಚ್‌ಡಿಯನ್ನು ಒಂದು ವಾರಾಂತ್ಯಕ್ಕೆ ಪಣವಿಡಬೇಡಿ. ಬೇರೆ ರಾಜ್ಯದಲ್ಲಿರುವವರು ಅಲ್ಲಿನ ನಿಯಮ ಓದಿಕೊಳ್ಳಿ. ಓಹಾಯೊದಲ್ಲಿ ಜಿಂಕೆಗೆ ನೇರ ಗೋಡೆಯ ತೋಟೆಯ ರೈಫಲ್ ಮಾತ್ರ ನಡೆಯುತ್ತೆ; .243, .308 ಎರಡೂ ಅಲ್ಲಿ ಕಾನೂನುಬಾಹಿರ.

ಕೊಡಗಿನಲ್ಲಿ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಡುತ್ತಾರೆ. ಅಲ್ಲಿ ಚಪ್ಪಾಳೆ ಸಿಗುವುದು ಕಾಯಿ ಒಡೆದವರಿಗೆ. ಯಾರ ಕೋವಿಯ ಸದ್ದು ಜೋರು ಅಂತ ಯಾರೂ ಅಳೆಯುವುದಿಲ್ಲ. ಜಿಂಕೆಯ ಎದೆಯೊಳಗಿನ ಆ ಜಾಗ ತೆಂಗಿನಕಾಯಿಗಿಂತ ತುಸುವೇ ದೊಡ್ಡದು. ಹೋಗುವವರು ಅದನ್ನು ನೆನಪಿಟ್ಟುಕೊಂಡು ಹೋಗಿ. ಈ ವರ್ಷ ಕೈ ಪಳಗಿಲ್ಲ ಅನ್ನಿಸಿದರೆ, ಅಟ್ಟಣೆಯಲ್ಲಿ ಬೈನಾಕ್ಯುಲರ್ ಹಿಡಿದು ಕೂತು ಜಿಂಕೆ ನೋಡಿ ಬನ್ನಿ. ಅದಕ್ಕೆ ಲೈಸೆನ್ಸೂ ಬೇಡ, ಕ್ಯಾಲಿಬರ್ರೂ ಬೇಡ.