ಕೃತಿಯ ಆಯ್ಕೆ

ಕ್ಲಾರಿನೆಟ್ ಸ್ಪರ್ಧೆಗೆ ನಿಲ್ಲುವ ತರುಣ ವಾದಕನಿಗೆ, ವಾದ್ಯವೃಂದದೊಡನೆ ನುಡಿಸಲು ಯಾವ ಕಾನ್ಸರ್ಟೊವನ್ನು ಆರಿಸಬೇಕೆಂಬುದೇ ಮೊದಲ ಪರೀಕ್ಷೆ. ಜರ್ಮನಿಯ ವೆಬರ್ 1811ರಲ್ಲಿ ರಚಿಸಿದ ಎರಡು ಕೃತಿಗಳು ಬೆರಳಿನ ಚಳಕವನ್ನು ಮೆರೆಸುತ್ತವೆ. ಡೆನ್ಮಾರ್ಕಿನ ನೀಲ್ಸನ್ 1928ರಲ್ಲಿ ಬರೆದುದಂತೂ ಕಾಠಿನ್ಯಕ್ಕೇ ಹೆಸರಾದುದು. ಬೆರಗುಗೊಳಿಸಿದರೆ ಗೆಲುವು ತಮ್ಮದೆಂದು ಬಗೆದು ಅನೇಕರು ಇವುಗಳತ್ತಲೇ ವಾಲುತ್ತಾರೆ. ಮೊಟ್ಸಾರ್ಟನ ಕೃತಿ ಅವರಿಗೆ ಸುಲಭವೆನಿಸುತ್ತದೆ. ಇದು ತಪ್ಪೆಣಿಕೆ.

ತನ್ನ ಬಾಳಿನ ಕೊನೆಯ ವರ್ಷವಾದ 1791ರಲ್ಲಿ ಮೊಟ್ಸಾರ್ಟ್ ಅದನ್ನು ಗೆಳೆಯ ಸ್ಟಾಡ್ಲರನಿಗಾಗಿ ರಚಿಸಿದನು. ಸ್ಟಾಡ್ಲರನ ವಾದ್ಯ ಸಾಮಾನ್ಯ ಕ್ಲಾರಿನೆಟ್ಟಿಗಿಂತ ಕೆಳಗಿನ ಸ್ವರಗಳಿಗೆ ಇಳಿಯಬಲ್ಲದಾಗಿತ್ತು. ಮೂಲ ಹಸ್ತಪ್ರತಿಯೋ ಕಳೆದುಹೋಗಿದೆ. ಆದಕಾರಣ ಕೆಲವೆಡೆ ಯಾವ ಸ್ವರ ಸರಿಯೆಂಬುದನ್ನು ವಾದಕನೇ ವಿವೇಚಿಸಬೇಕು. ನಡುವಣ ವಿಳಂಬ ಭಾಗದಲ್ಲಿ ಸ್ವರಗಳು ವಿರಳ. ಉಸಿರು ತುಸು ನಡುಗಿದರೂ, ನಾದ ತುಸು ಒಡೆದರೂ ಮರೆಮಾಚಲು ಎಡೆಯಿಲ್ಲ. ವೇಗದ ಓಟದಲ್ಲಿ ಜಾರಿದ ಸ್ವರವನ್ನು ಕೇಳುಗರು ಕ್ಷಮಿಸಿಯಾರು, ಇಲ್ಲಿ ಹಾಗಲ್ಲ. ವಾದಕನ ಸಾಧನೆ ಎಷ್ಟೆಂಬುದನ್ನು ತೀರ್ಪುಗಾರರು ಈ ಭಾಗದಲ್ಲಿಯೇ ಅಳೆಯಬಲ್ಲರು.

ಹಾಗೆಂದು ಎಲ್ಲರೂ ಮೊಟ್ಸಾರ್ಟನನ್ನೇ ನುಡಿಸಬೇಕೆಂದಲ್ಲ. ನೀಲ್ಸನನ ಕೃತಿಯಲ್ಲಿ ಕ್ಲಾರಿನೆಟ್ಟಿನೊಡನೆ ಸಣ್ಣ ಡ್ರಮ್ಮೊಂದು ಕಾದಾಡುತ್ತದೆ. ಆ ಕದನ ಯಾರ ಮನಸ್ಸಿಗೆ ನಿಜವಾಗಿ ನಾಟಿದೆಯೋ ಅವರು ಅದನ್ನೇ ಆರಿಸಲಿ. ಸಭೆಯನ್ನು ಬೆದರಿಸುವುದಕ್ಕಾಗಿ ಮಾತ್ರ ಬೇಡ.