ಕುನ್ನಿ ಮೊದಲು, ಸರಪಳಿ ಆಮೇಲೆ

ಮುಧೋಳ ನಾಯಿಯ ಕುನ್ನಿ ತರಲು ಹೊರಟವರು ಮೊದಲು ಸಂತೆಗೆ ಹೋಗಿ ಸರಪಳಿ ಕೊಳ್ಳುತ್ತಾರೆ. ಆಮೇಲೆ ಕುನ್ನಿ ತರುತ್ತಾರೆ. ತಂದ ದಿನವೇ ಗೂಟಕ್ಕೆ ಕಟ್ಟುತ್ತಾರೆ. "ಸಣ್ಣದಿದ್ದಾಗಿಂದ ಕಟ್ಟಿ ಬೆಳಿಸಿದ್ರ ಸಿಟ್ಟಿನ ನಾಯಿ ಆಗತದ, ಕಾವಲಿಗೆ ಚಲೋ" ಎಂಬುದು ನಮ್ಮ ಕಡೆ ಹಳೇ ಮಾತು. ನಾನು ಇದನ್ನು ಒಪ್ಪುವುದಿಲ್ಲ. ಕಟ್ಟಿ ಬೆಳೆಸಿದ ನಾಯಿಗೆ ಬರುವುದು ಸಿಟ್ಟಲ್ಲ, ಅಂಜಿಕೆ. ಅಂಜಿದ ನಾಯಿ ಕಳ್ಳನನ್ನು ನೋಡಿ ಹಿಂದಕ್ಕೆ ಸರಿಯುತ್ತದೆ, ಮನೆಯ ಹುಡುಗನ ಕೈಗೆ ಬಾಯಿ ಹಾಕುತ್ತದೆ. ಆಮೇಲೆ "ಈ ಜಾತಿನೇ ನಂಬಿಗಸ್ತ ಅಲ್ಲ" ಅಂತ ನಾಯಿಯನ್ನು ಬೈಯುತ್ತಾರೆ.

ನಮ್ಮ ತಿಮ್ಮಾಪುರಕ್ಕೂ ಈ ನಾಯಿಗೂ ಇರುವ ಸಂಬಂಧ ಗೊತ್ತಿಲ್ಲದವರಿಗೆ ಎರಡು ಮಾತು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಹತ್ತಿರ ಇದ್ದ ಈ ಬ್ಯಾಟಿನಾಯಿಯ ತಳಿಯನ್ನು ಜೋಪಾನ ಮಾಡಿ, ಇಂಗ್ಲೆಂಡಿನ ರಾಜ ಐದನೇ ಜಾರ್ಜ್ ಅವರಿಗೆ ಒಂದು ಜೋಡಿ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ತಂದಿತು. ಬೀದರದ ಪಶು ವಿಶ್ವವಿದ್ಯಾಲಯದವರು ನಮ್ಮೂರಲ್ಲೇ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಾರೆ. 2020ರ ಆಗಸ್ಟಿನಲ್ಲಿ ಪ್ರಧಾನ ಮಂತ್ರಿಗಳು ರೇಡಿಯೋ ಭಾಷಣದಲ್ಲಿ ಮುಧೋಳದ ಹೆಸರು ಎತ್ತಿದರು. 2024ರಲ್ಲಿ ಲಖನೌದ ಅಖಿಲ ಭಾರತ ಪೊಲೀಸ್ ಕೂಟದಲ್ಲಿ ಗಡಿ ಭದ್ರತಾ ಪಡೆಯ ರಿಯಾ ಎಂಬ ಮುಧೋಳ ನಾಯಿ ಬಹುಮಾನ ಗೆದ್ದಿತು. ಹೆಸರು ಬಂದಂತೆ ಕೇಳುವವರೂ ಬಂದರು. ಪೇಟೆಯವರು ಕಾರಿನಲ್ಲಿ ಬರುತ್ತಾರೆ, ರೈತರು ಬಸ್ಸಿಗೆ ಬುಟ್ಟಿ ಹಿಡಿದು ಬರುತ್ತಾರೆ. ನನ್ನ ಚಿಂತೆ ಬುಟ್ಟಿ ಹಿಡಿದು ಬರುವವರದು. ಯಾಕೆಂದರೆ ನಮ್ಮಂಥವರಿಗೆ ಈ ನಾಯಿ ಶೋಕಿ ಅಲ್ಲ. ಕಡಲೆ ಹೊಲಕ್ಕೆ ಹಂದಿ ಬರುತ್ತವೆ, ಹಟ್ಟಿಯಲ್ಲಿ ಆಡು ಇರುತ್ತವೆ, ಹೊಲದ ಮನೆಯಲ್ಲಿ ರಾತ್ರಿ ಒಬ್ಬರೇ ಮಲಗುತ್ತೇವೆ. ನಾಯಿ ಕೆಟ್ಟರೆ ರೊಕ್ಕವೂ ಹೋಯಿತು, ಕಾವಲೂ ಹೋಯಿತು.

ಈ ಜಾತಿಯ ಸ್ವಭಾವ ಬೇರೆ. ಸಿಕ್ಕವರ ಕಾಲು ನೆಕ್ಕುವ ನಾಯಿ ಇದಲ್ಲ. ಹೊಸಬರು ಮುಟ್ಟಿದರೆ ಇದಕ್ಕೆ ಸೇರುವುದಿಲ್ಲ. ಮೂಗಿಗಿಂತ ಕಣ್ಣಿನಿಂದ ಬೇಟೆ ಆಡುವ ನಾಯಿ. ದೂರದಲ್ಲಿ ಒಂದು ಕಡ್ಡಿ ಅಲುಗಿದರೂ ನೋಡುತ್ತದೆ. ನೀವು ಕೈ ಎತ್ತಿದ್ದನ್ನು ನೋಡುತ್ತದೆ, ಅದನ್ನು ಮರೆಯುವುದೂ ಇಲ್ಲ. ಅದಕ್ಕೇ ಮೊದಲ ತಿಂಗಳು ಮುಖ್ಯ ಅನ್ನುತ್ತೇನೆ.

ಕುನ್ನಿಗೆ ಎರಡು ತಿಂಗಳಾದರೂ ತುಂಬಿರಲಿ. ತಾಯಿ ಮಲಗಿದ ಗೋಣಿಚೀಲದ ಒಂದು ತುಂಡು ಕೇಳಿ ತನ್ನಿ. ಆ ವಾಸನೆ ಇದ್ದರೆ ರಾತ್ರಿ ಅಳುವುದು ಕಡಿಮೆ. ಮೊದಲ ದಿನ ಓಣಿಯ ಹುಡುಗರನ್ನೆಲ್ಲ ಕರೆದು ಕೈಯಿಂದ ಕೈಗೆ ಕೊಡಬೇಡಿ. ಒಂದು ಮೂಲೆಯಲ್ಲಿ ಬಿಡಿ, ನೀರಿಡಿ, ನೀವು ಸ್ವಲ್ಪ ದೂರ ನೆಲಕ್ಕೆ ಕುಂದರಿರಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಜೋಳ ಹಸನ ಮಾಡುವುದೋ, ಹಗ್ಗ ಹೊಸೆಯುವುದೋ, ನಿಮ್ಮ ಕೆಲಸ ನೀವು ಮಾಡುತ್ತಿರಿ. ಅದೇ ಬಂದು ಮೂಸುತ್ತದೆ. ಒಂದು ತಾಸಿಗೆ ಬರಬಹುದು, ಎರಡು ದಿನವೂ ಆಗಬಹುದು. ಮೂಸಿದ ಕೂಡಲೇ ಹಿಡಿದು ಎತ್ತಬೇಡಿ. ತಲೆಯ ಮೇಲಿಂದ ಕೈ ತರಬೇಡಿ. ಮೇಲಿಂದ ಬಂದದ್ದೆಲ್ಲ ಅದಕ್ಕೆ ಹದ್ದು ಇದ್ದಂಗ. ಗದ್ದದ ಕೆಳಗೆ, ಎದೆಯ ಹತ್ತಿರ ಮೆಲ್ಲಗೆ ತುರಿಸಿ. ಊಟದ ಒಂದೆರಡು ತುತ್ತು ಅಂಗೈಯಲ್ಲೇ ತಿನ್ನಿಸಿ, ತಿನ್ನುವಾಗ ಹೆಸರು ಕರೆಯಿರಿ. ಬೈಯುವಾಗ ಮಾತ್ರ ಆ ಹೆಸರು ಬಾಯಲ್ಲಿ ಬರಬಾರದು.

ಹುಬ್ಬಳ್ಳಿಯಲ್ಲಿ ಮಗಳ ಮನೆಯವರು ಆಸ್ಟ್ರೇಲಿಯಾ ಮೂಲದ ಕಾಕಟಿಯಲ್ ಎಂಬ ಹಕ್ಕಿ ಸಾಕಿದ್ದಾರೆ. ತಲೆಯ ಮೇಲೆ ಜುಟ್ಟು. ಅಂಜಿದರೆ ಜುಟ್ಟು ನೆಟ್ಟಗೆ ಮಾಡುತ್ತದೆ, ಸಿಟ್ಟು ಬಂದರೆ ತಲೆಗೆ ಒತ್ತಿ ಹಾವಿನಂತೆ ಬುಸ್ ಅನ್ನುತ್ತದೆ. ಮೊಮ್ಮಗಳು ಮೊದಲ ವಾರ ಪಂಜರದೊಳಗೆ ಕೈಯನ್ನೇ ಹಾಕಲಿಲ್ಲ, ಬರೇ ಹತ್ತಿರ ಕೂತು ಪಾಠ ಓದಿದಳು. ಆಮೇಲೆ ನಾನು ಒಯ್ದ ನವಣೆಯ ತೆನೆ ಹಿಡಿದು ದಿನಕ್ಕೆ ಒಂದೊಂದು ಗೇಣು ಹತ್ತಿರ ಬಂದಳು. ಮೂರನೇ ವಾರಕ್ಕೆ ಬೆರಳಿನ ಮೇಲೆ ಕೂತಿತು. (ನಮ್ಮ ಹಸಿರು ಗಿಣಿಯನ್ನು ಹಿಡಿದು ಸಾಕುವುದು ಕಾಯ್ದೆಯಲ್ಲಿ ಅಪರಾಧ, ಅದನ್ನು ಮಾಡಲು ಹೋಗಬೇಡಿ.) ಅಷ್ಟು ಸಣ್ಣ ಹಕ್ಕಿಗೆ ಮೂರು ವಾರ ಕಾಯುವ ಮಂದಿ ಇದ್ದಾರೆ. ಹನ್ನೆರಡು ವರ್ಷ ಮನೆ ಕಾಯುವ ನಾಯಿಗೆ ನಾವು ಮೂರು ದಿನ ಕಾಯುವುದಿಲ್ಲ.

ಇನ್ನು ಊಟ. ಈ ನಾಯಿ ಹುಟ್ಟಾ ಸಪೂರ. ಪಕ್ಕೆಲುಬು ಸ್ವಲ್ಪ ಕಂಡರೆ ಅದು ಉಪವಾಸ ಅಲ್ಲ. ಹಾಗಂತ "ಬ್ಯಾಟಿನಾಯಿಗೆ ಹಸಿವು ಇರಬೇಕು" ಎಂದು ಅರೆಹೊಟ್ಟೆ ಕೆಡವುವುದು ಪಾಪದ ಕೆಲಸ. ಎರಡು ತಿಂಗಳ ಕುನ್ನಿಗೆ ದಿನಕ್ಕೆ ನಾಲ್ಕು ಸಲ, ನಾಲ್ಕು ತಿಂಗಳ ಮೇಲೆ ಮೂರು ಸಲ, ಆರು ತಿಂಗಳ ಮೇಲೆ ಎರಡು ಸಲ ಸಾಕು. ಜೋಳದ ನುಚ್ಚು, ಮಜ್ಜಿಗೆ, ಕುದಿಸಿದ ತತ್ತಿ, ಆದಾಗ ಕುದಿಸಿದ ಮಾಂಸ. ಬರೇ ರೊಟ್ಟಿ-ಮಜ್ಜಿಗೆಯಲ್ಲಿ ಎಲುಬು ಗಟ್ಟಿ ಆಗುವುದಿಲ್ಲ. ಗಟ್ಟಿ ಹಾಲು ಕೆಲವಕ್ಕೆ ಹೊಟ್ಟೆ ಹರಿಸುತ್ತದೆ. ಬೇಯಿಸಿದ ಕೋಳಿಯ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ, ಕೊಡಬೇಡಿ. ಉಳ್ಳಾಗಡ್ಡಿ ಹಾಕಿದ ಸಾರೂ ಬೇಡ. ನಮ್ಮ ಕಡೆಯವರು ಗಮನಿಸಬೇಕಾದ್ದು ಇನ್ನೊಂದಿದೆ: ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಜಮಖಂಡಿ, ವಿಜಯಪುರದ ಕಡೆ ಒಣದ್ರಾಕ್ಷಿ ಶೆಡ್ಡಿನ ಹತ್ತಿರ ಇರುವವರು ಕುನ್ನಿಯನ್ನು ಅದರೊಳಗೆ ಬಿಡಬಾರದು. ಇಲಿ ಪಾಷಾಣ ಇಟ್ಟ ಜಾಗಕ್ಕೂ ಹೋಗಬಾರದು.

ಕುನ್ನಿಗಳು ಹೆಚ್ಚಾಗಿ ಸಾಯುವುದು ರಕ್ತಭೇದಿಯ ಪಾರ್ವೊ ರೋಗದಲ್ಲಿ. ನಿನ್ನೆ ಜಿಗಿದಾಡಿದ್ದು ಇವತ್ತು ವಾಂತಿ ಮಾಡಿ ಬೀಳುತ್ತದೆ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ, ನಾಲ್ಕು ತಿಂಗಳು ತುಂಬುವ ತನಕ. ಅದು ಮುಗಿಯುವವರೆಗೆ ಬೇರೆ ನಾಯಿ ತಿರುಗುವ ಕಡೆ ಒಯ್ಯಬೇಡಿ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದಂತೆ. ಜಂತಿನ ಔಷಧವನ್ನೂ ಅವರೇ ತೂಕ ನೋಡಿ ಹೇಳುತ್ತಾರೆ. ಕುನ್ನಿ ತರುವಾಗಲೇ ಏನೇನು ಲಸಿಕೆ ಆಗಿದೆ ಎಂಬ ಚೀಟಿ ಕೇಳಿ ಇಸಿದುಕೊಳ್ಳಿ. ಯಾವ ನಾಯಿ ಕಚ್ಚಿದರೂ, ಕುನ್ನಿಯ ಹಲ್ಲು ತಾಗಿದರೂ, ಹರಿಯುವ ನೀರಲ್ಲಿ ಸಾಬೂನು ಹಚ್ಚಿ ಹದಿನೈದು ಮಿನಿಟು ತೊಳೆದು ಸೀದಾ ದವಾಖಾನೆಗೆ ಹೋಗಬೇಕು. ಅರಿಶಿಣ, ಸುಣ್ಣ ಹಚ್ಚುತ್ತ ಕೂಡಬಾರದು.

ಸರಪಳಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಡಾಂಬರು ರಸ್ತೆ ಮಗ್ಗಲಿಗೆ ಮನೆ ಇದ್ದವರು ಕಟ್ಟಲೇಬೇಕು. ಈ ನಾಯಿ ಓಡಿತೆಂದರೆ ಲಾರಿ ನೋಡುವುದಿಲ್ಲ. ಮೊದಲು ಕೊರಳಿಗೆ ಮೆತ್ತನ್ನ ಪಟ್ಟಿ ಹಾಕಿ ನಾಲ್ಕು ದಿನ ಬಿಡಿ. ಆಮೇಲೆ ಊಟದ ಹೊತ್ತಿಗೆ ಹಗ್ಗ, ಐದು ಮಿನಿಟು. ಮೆಲ್ಲಗೆ ಹೆಚ್ಚಿಸಿ. ಬೆಳೆದ ಮೇಲೂ ದಿನಕ್ಕೆ ಒಂದು ಸಲ ಓಡಲು ಬಯಲು ಬೇಕೇ ಬೇಕು. ಅದಿಲ್ಲದೆ ಹಗಲೂ ರಾತ್ರಿ ಗೂಟಕ್ಕೆ ಇಡುವವರು ಬೇರೆ ಜಾತಿಯ ನಾಯಿ ನೋಡಿಕೊಳ್ಳುವುದು ಚಲೋ. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ. ಚಳಿಗಾಲದಲ್ಲಿ ಕೆಳಗೆ ಎರಡು ಗೋಣಿಚೀಲ ಹಾಸಬೇಕು.

ಓಡಿಸುವುದೆಂದರೆ ಮೊಲ ಹಿಡಿಸುವುದು ಎಂದು ತಿಳಿದವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊಲದ ಬೇಟೆಯೂ ಅಪರಾಧ, ಚಿಗರಿಯದ್ದಂತೂ ಕೇಳುವುದೇ ಬೇಡ. ಬೀಳು ಬಿದ್ದ ಹೊಲದಲ್ಲಿ ಬಿಸಿಲೇರುವ ಮೊದಲು ಅರ್ಧ ತಾಸು ಬಿಟ್ಟರೆ ಅದರ ಕಾಲಿಗೆ ಸಾಕು. ಕೋಳಿ, ಆಡಿನ ಮರಿಗಳ ಜೊತೆ ಮಾತ್ರ ಸಣ್ಣದಿದ್ದಾಗಿಂದಲೇ ರೂಢಿ ಮಾಡಿಸಬೇಕು, ಇಲ್ಲದಿದ್ದರೆ ಅವು ಓಡಿದ ಕೂಡಲೇ ಇದೂ ಬೆನ್ನು ಹತ್ತುತ್ತದೆ. ಕುರಿ ಕಾಯುವ ಅಣ್ಣಂದಿರು ಇದನ್ನು ಹೇಗೆ ರೂಢಿ ಮಾಡಿಸುತ್ತಾರೆ, ಎಷ್ಟು ತಿಂಗಳಿಗೆ ಹಟ್ಟಿಗೆ ಬಿಡುತ್ತಾರೆ ಎಂಬುದನ್ನು ಪತ್ರಿಕೆಗೆ ಬರೆದು ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.